ನಡೆದಷ್ಟು ಬರೆಯಲಾಗದು: ಕಾಡಿನ ಚಾರಣದಲ್ಲಿ ಚಿತ್ರ ಬರೆದ ಅನುಭವ

ಕಾಡಿನಲ್ಲಿ ನಡೆಯುವುದೂ ಚಿತ್ರ ಬರೆಯುವುದೂ ನನಗೆ ಬಹಳ ಹಿಂದಿನಿಂದ ಇದ್ದ ಹವ್ಯಾಸಗಳು. ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಹೊರಟ ಮೊದಲ ದಿನವೇ ಅವು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ ಎಂಬುದು ತಿಳಿಯಿತು. ಅಂದು ಹನ್ನೆರಡು ಕಿಲೋಮೀಟರ್ ದಾರಿಯನ್ನು ಹಮ್ಮಿಕೊಂಡಿದ್ದೆ. ಮುಂದಿನ ತಿರುವಿನಲ್ಲಿ ಇದಕ್ಕಿಂತ ಚೆಂದದ್ದೇನಾದರೂ ಸಿಕ್ಕೀತೆಂದು ಎಲ್ಲಿಯೂ ಕೂರದೆ ನಡೆದೆ. ಕಡೆಗೆ ಕುಳಿತಾಗ ಹೊತ್ತು ಮೀರುತ್ತಿದೆಯೆಂಬ ಆತಂಕದಲ್ಲಿ ಕೈ ಓಡಲಿಲ್ಲ. ಅರ್ಧ ಮರವೊಂದನ್ನು ಗೀಚಿಕೊಂಡು, ಕಾಡಿನ ಅಂಚು ತಲುಪುವ ಮೊದಲೇ ಕತ್ತಲಾಗಿ, ಕೊನೆಯ ಒಂದು ಕಿಲೋಮೀಟರನ್ನು ಮೊಬೈಲಿನ ಬೆಳಕಿನಲ್ಲಿ ಎಡವುತ್ತಾ ದಾಟಿದೆ.

ತಪ್ಪು ನನ್ನ ಲೆಕ್ಕದಲ್ಲಿತ್ತು. ಚಾರಣಿಗರು ಇಂದಿಗೂ ಬಳಸುವ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಈ ಸೂತ್ರದ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಡಿಗೆಯನ್ನಷ್ಟೇ ಅಳೆಯುವ ಆ ಲೆಕ್ಕದಲ್ಲಿ ಕೂರುವವನಿಗೆ ಜಾಗವಿಲ್ಲ. ಈಗ ನಾನು ಮೊದಲು ಬರೆಯುವ ಹೊತ್ತನ್ನು ತೆಗೆದಿಟ್ಟು, ಉಳಿದ ಹೊತ್ತಿಗೆ ಎಷ್ಟು ದೂರ ಹಿಡಿಸುತ್ತದೋ ಅಷ್ಟೇ ನಡೆಯುತ್ತೇನೆ. ಹೋಗಿ ಬರುವ ದಾರಿ ಸೇರಿ ನಾಲ್ಕೈದು ಕಿಲೋಮೀಟರ್, ಏರಿಳಿತ ಕಡಿಮೆಯಿರುವ ಕಾಲುದಾರಿ, ಗಂಟೆಗೆ ಮೂರು ಕಿಲೋಮೀಟರಿನ ನಿಧಾನದ ನಡಿಗೆ. ನಡುವೆ ಮುಕ್ಕಾಲು ಗಂಟೆಯ ಒಂದು ದೀರ್ಘ ಕೂರುವಿಕೆ ಮತ್ತು ಹತ್ತು ನಿಮಿಷದ ಎರಡು ಚಿಕ್ಕವು. ಎಲ್ಲ ಸೇರಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಹಿಂದಿರುಗುವ ದಾರಿಯಲ್ಲಿ ಏನೇ ಕಂಡರೂ ಪುಸ್ತಕ ತೆರೆಯುವುದಿಲ್ಲವೆಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡಿದ್ದೇನೆ, ಯಾವ ದಾರಿ ಹಿಡಿದಿದ್ದೇನೆ ಮತ್ತು ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡುತ್ತೇನೆ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೊಸಬರು ಇದರಲ್ಲೇ ಸಿಕ್ಕಿಕೊಳ್ಳುವುದನ್ನು ಕಂಡಿದ್ದೇನೆ; ನಾನೂ ಸಿಕ್ಕಿಕೊಂಡಿದ್ದೆ. ಗಟ್ಟಿ ರಟ್ಟಿನ ಎ5 ಅಳತೆಯ ಪುಸ್ತಕ, 2ಬಿ ಪೆನ್ಸಿಲ್, ನೀರಿಗೆ ಕದಡದ ಶಾಯಿಯ ಒಂದು ಪೆನ್ನು, ಆರು ಬಣ್ಣಗಳ ಪುಟ್ಟ ಜಲವರ್ಣದ ಡಬ್ಬಿ, ಹಿಡಿಕೆಯಲ್ಲೇ ನೀರು ತುಂಬುವ ಕುಂಚ, ಇವಿಷ್ಟೂ ಒಂದು ಕೈಚೀಲದಲ್ಲಿ ಹಿಡಿಯುತ್ತವೆ. ಇವೆಲ್ಲಕ್ಕಿಂತ ನನಗೆ ಉಪಕಾರವಾದದ್ದು ಮಡಚಿ ಇಟ್ಟುಕೊಳ್ಳಬಹುದಾದ ಕೂರುಚಾಪೆಯ ತುಂಡು. ಬೆವರಿದ ಮೈಯಲ್ಲಿ ಒದ್ದೆ ನೆಲದ ಮೇಲೆ ಕುಳಿತರೆ ಹತ್ತೇ ನಿಮಿಷದಲ್ಲಿ ಬೆನ್ನು ತಣ್ಣಗಾಗುತ್ತದೆ, ಆಮೇಲೆ ಚಿತ್ರ ಮುಗಿದಿರಲಿ ಬಿಡಲಿ ಏಳಬೇಕೆನಿಸುತ್ತದೆ.

ಕುಳಿತ ತಕ್ಷಣ ಬರೆಯಲು ತೊಡಗುವುದನ್ನೂ ಬಿಟ್ಟಿದ್ದೇನೆ. ನಡೆಯುವ ಕಣ್ಣು ದಾರಿಯನ್ನು, ಬೇರುಗಳನ್ನು, ಕಲ್ಲುಗಳನ್ನು ಹುಡುಕುತ್ತಿರುತ್ತದೆ. ಅದು ನಿಲ್ಲುವುದಕ್ಕೆ ಐದಾರು ನಿಮಿಷ ಬೇಕು. ಅಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ, ನಾನು ಬಂದಾಗ ಸುಮ್ಮನಾಗಿದ್ದ ಹಕ್ಕಿಗಳೂ ಮತ್ತೆ ಮಾತಿಗೆ ತೊಡಗುತ್ತವೆ.

ಏನನ್ನು ಬರೆಯಬೇಕೆಂಬುದೇ ಕಾಡಿನ ದೊಡ್ಡ ತೊಡಕು. ಬಯಲಿನಲ್ಲಿ ದಿಗಂತವಿರುತ್ತದೆ, ದೂರದ ಬೆಟ್ಟವಿರುತ್ತದೆ. ಕಾಡಿನೊಳಗೆ ಹತ್ತು ಹೆಜ್ಜೆಯಾಚೆಗೆ ಎಲ್ಲವೂ ಎಲೆ. ಇಡೀ ಕಾಡನ್ನು ಒಂದು ಪುಟಕ್ಕೆ ಇಳಿಸಹೋದ ನನ್ನ ಆರಂಭದ ಚಿತ್ರಗಳೆಲ್ಲ ಹಸಿರು ಗೋಜಲುಗಳಾದವು. ಆಮೇಲೆ ಕೈಯಳತೆಯೊಳಗಿನ ವಸ್ತುವನ್ನೇ ಹಿಡಿಯತೊಡಗಿದೆ. ಒಂದು ಬೆಳಿಗ್ಗೆ ದಾರಿಬದಿಯ ತೇವದ ಏರಿಯಲ್ಲಿ ಜರೀಗಿಡವೊಂದು ಕಣ್ಣಿಗೆ ಬಿತ್ತು. ಅದರ ಗರಿಯನ್ನು ನೂರಾರು ಸಲ ನೋಡಿದ್ದೆ. ನಡುವಿನ ದಂಟಿನ ಎರಡು ಕಡೆಗೆ ಕಿರುಗರಿಗಳು ಎದುರುಬದುರಾಗಿ ಇರುತ್ತವೆಂದೇ ನಂಬಿದ್ದೆ ಮತ್ತು ಹಾಗೆಯೇ ಬರೆಯಲು ಹೊರಟೆ. ನಾಲ್ಕನೆಯ ಜೋಡಿಗೆ ಬರುವಷ್ಟರಲ್ಲಿ ಚಿತ್ರ ಗಿಡಕ್ಕೆ ಹೊಂದುತ್ತಿರಲಿಲ್ಲ. ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೆ, ಆ ಗಿಡದಲ್ಲಿ ಕಿರುಗರಿಗಳು ಬುಡದ ಹತ್ತಿರ ಎದುರುಬದುರಾಗಿದ್ದು ತುದಿಯತ್ತ ಹೋದಂತೆ ಒಂದು ಎಡಕ್ಕೆ ಒಂದು ಬಲಕ್ಕೆ ಸರಿದುಕೊಂಡಿದ್ದವು. ಗರಿಯನ್ನು ಮೆಲ್ಲಗೆ ತಿರುವಿದಾಗ ಬೆನ್ನಿನಲ್ಲಿ ಬೀಜಕಣಗಳ ಕಂದು ಚುಕ್ಕೆಗಳು ನಡುನರದ ಎರಡೂ ಬದಿಗೆ ಸಾಲಾಗಿ ನಿಂತಿದ್ದವು. ಪಕ್ಕದಲ್ಲೇ ಇನ್ನೂ ಬಿಚ್ಚದ ಎಳೆಯ ಗರಿಯೊಂದು ಕಂದು ರೋಮ ಹೊದ್ದು ಸುರುಳಿ ಸುತ್ತಿಕೊಂಡಿತ್ತು. ಅಂದು ಮುಕ್ಕಾಲು ಗಂಟೆಯೂ ಅದೊಂದೇ ಗಿಡದ ಮುಂದೆ ಕಳೆಯಿತು.

ಬೆಳಕಿನ ವಿಷಯದಲ್ಲಿ ಮೋಸಹೋಗದವರಿಲ್ಲ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಮುಕ್ಕಾಲು ಗಂಟೆಗೆ ಅದು ಹನ್ನೊಂದು ಡಿಗ್ರಿ ದಾಟುತ್ತದೆ. ಎತ್ತರದ ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ತೇಪೆ ಅಷ್ಟರೊಳಗೆ ಒಂದು ಕಾಂಡವನ್ನು ಬಿಟ್ಟು ಇನ್ನೊಂದಕ್ಕೆ ಹೋಗಿರುತ್ತದೆ. ಹಿಂದೆ ಬಿಸಿಲನ್ನು ಬೆನ್ನಟ್ಟಿ ನೆರಳುಗಳನ್ನು ತಿದ್ದುತ್ತಾ ಹೋಗುತ್ತಿದ್ದೆ, ಕಡೆಗೆ ಆ ಚಿತ್ರದಲ್ಲಿ ಎರಡು ಸೂರ್ಯರಿರುತ್ತಿದ್ದರು. ಈಗ ಮೊದಲ ಐದು ನಿಮಿಷದಲ್ಲೇ ನೆರಳಿನ ಗಡಿಗಳನ್ನು ತೆಳುವಾಗಿ ಗುರುತಿಸಿಕೊಂಡು, ಆಮೇಲೆ ಬೆಳಕು ಎತ್ತ ಹೋದರೂ ಆ ಗುರುತಿಗೇ ಅಂಟಿಕೊಳ್ಳುತ್ತೇನೆ. ಬಿಳಿ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಬಣ್ಣದ ಅಂದಾಜು ತಪ್ಪುವುದರಿಂದ ನೆರಳಿನಲ್ಲೇ ಕೂರುತ್ತೇನೆ.

ಹಸಿರಿನ ಮಟ್ಟಿಗೆ ನನ್ನ ಅಭಿಪ್ರಾಯ ಕಟುವಾದದ್ದು: ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಹಸಿರನ್ನು ಹಾಗೆಯೇ ಬಳಸಿದರೆ ಕಾಡು ಪ್ಲಾಸ್ಟಿಕ್ಕಿನದಾಗುತ್ತದೆ. ಹಳದಿ ನೀಲಿಗಳನ್ನು ಬೆರೆಸಿ, ಅದಕ್ಕೆ ಚಿಟಿಕೆಯಷ್ಟು ಇಟ್ಟಿಗೆಗೆಂಪು ಸೇರಿಸಿದರೆ ಹಸಿರಿನ ಅಬ್ಬರ ಇಳಿದು ನೆರಳಿನ ಎಲೆಯ ಬಣ್ಣ ಬರುತ್ತದೆ. ಆದರೆ ತೇವದ ಗಾಳಿಯಲ್ಲಿ ಈ ಬಣ್ಣ ಬೇಗ ಒಣಗುವುದಿಲ್ಲ. ಒಮ್ಮೆ ಅವಸರದಲ್ಲಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ್ದರಿಂದ ಎರಡು ಪುಟಗಳು ಅಂಟಿಕೊಂಡು, ಬಿಡಿಸುವಾಗ ಅತ್ಯುತ್ತಮವಾಗಿ ಬಂದಿದ್ದ ತೊಗಟೆಯ ಚಿತ್ರವೇ ಕಿತ್ತುಬಂತು. ಆ ಬಳಿಕ ಬಣ್ಣವನ್ನು ದೀರ್ಘ ಕೂರುವಿಕೆಯ ಮೊದಲರ್ಧದಲ್ಲೇ ಮುಗಿಸಿ, ಉಳಿದ ಹೊತ್ತಿನಲ್ಲಿ ಪುಸ್ತಕವನ್ನು ತೆರೆದಿಟ್ಟು ಅಂಚಿನಲ್ಲಿ ಟಿಪ್ಪಣಿ ಬರೆಯುತ್ತೇನೆ: ದಿನಾಂಕ, ಹೊತ್ತು, ಹವೆ, ಗರಿಯ ಉದ್ದ ಎಷ್ಟು ಗೇಣು, ಯಾವ ಭಾಗವನ್ನು ನೋಡದೆ ಊಹಿಸಿ ಬರೆದೆ ಎಂಬುದು.

ಎದುರಿನ ಪುಟವನ್ನು ಖಾಲಿ ಬಿಡುವ ಅಭ್ಯಾಸವೂ ಆ ಅಂಟಿದ ಪುಟಗಳಿಂದಲೇ ಬಂದದ್ದು. ಎರಡು ವಾರದ ನಂತರ ಅದೇ ತಿರುವಿಗೆ ಹೋದಾಗ ಜರೀಗಿಡದ ಸುರುಳಿ ಮುಕ್ಕಾಲು ಪಾಲು ಬಿಚ್ಚಿಕೊಂಡಿತ್ತು, ತುದಿಯಲ್ಲಷ್ಟೇ ಸಣ್ಣ ಮುಷ್ಟಿಯಂತೆ ಉಳಿದಿತ್ತು. ಆ ಖಾಲಿ ಪುಟದಲ್ಲೇ, ಹಳೆಯ ಸುರುಳಿಯ ಪಕ್ಕಕ್ಕೆ ಬರುವಂತೆ, ಅದನ್ನು ಬರೆದುಕೊಂಡೆ.