ಎರಡು ಬಣ್ಣದ ಉಲ್ಲನ್ ಟೋಪಿ: ಚಿತ್ತಾರದ ಸುಕ್ಕು ಹೋಗಿದ್ದು ಹೀಗೆ

ಟೋಪಿಯ ಕೆಳ ಅಂಚಿನ ಪಟ್ಟಿ ಸರಿಯಾಗಿ ಬರುತ್ತಿತ್ತು. ಚಿತ್ತಾರ ಶುರುವಾದ ಕಡೆ ಮಾತ್ರ ಸುಕ್ಕುಗಟ್ಟಿ, ಟೋಪಿ ತಲೆಗೆ ಇಳಿಯುತ್ತಿರಲಿಲ್ಲ. 96 ಕುಣಿಕೆ, 8 ಕುಣಿಕೆಯ ಚಿತ್ತಾರ, 40 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ (ಎರಡು ತುದಿಗಳನ್ನು ಬಳ್ಳಿ ಜೋಡಿಸಿದ್ದು), ದಪ್ಪ 4 ಮಿ.ಮೀ.

ಕುಣಿಕೆ 104ಕ್ಕೆ ಏರಿಸಿದೆ. ಟೋಪಿ ಅಗಲವಾಯಿತು, ಸುಕ್ಕು ಹಾಗೇ ಉಳಿಯಿತು. ನೂಲು ಸಡಿಲ ಬಿಟ್ಟರೆ ಕುಣಿಕೆಗಳು ಏರುಪೇರು. ಒದ್ದೆ ಮಾಡಿ ಎಳೆದು ಒಣಗಿಸಿದರೂ ಪ್ರಯೋಜನವಿಲ್ಲ: ದಾವಣಗೆರೆ, ಚಿತ್ರದುರ್ಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಕ್ರಿಲಿಕ್ ಎಂಬ ಕೃತಕ ನೂಲು, ಕುರಿ ಉಣ್ಣೆ ಮಣಿದ ಹಾಗೆ ನೀರಿಗೆ ಮಣಿಯುವುದಿಲ್ಲ. ಅದಕ್ಕೆ ಇಸ್ತ್ರಿಯನ್ನಂತೂ ತಾಗಿಸಲೇಬೇಡಿ, ಜೋತುಬೀಳುತ್ತದೆ.

ಕಾರಣ ಹಿಂದಿನ ಎಳೆ. ಬಳಸದ ಬಣ್ಣ ಒಳಮೈಯಲ್ಲಿ ಅಡ್ಡ ಹಾಯುತ್ತದೆ. ಒಳಸುತ್ತು ಗಿಡ್ಡ, ಹಾಗಾಗಿ ಎಳೆಯೂ ಗಿಡ್ಡವಾಗಿ ಕುಣಿಕೆಗಳನ್ನು ಜಗ್ಗುತ್ತದೆ.

ಟೋಪಿಯ ಒಳಮೈ ಹೊರಗೆ ಮಾಡಿ ಹೆಣೆದಾಗ ಸರಿಹೋಯಿತು. ಪಟ್ಟಿ 3.5 ಮಿ.ಮೀ. ಕಡ್ಡಿಯಲ್ಲಿ ಮುಗಿಸಿ, ಒಂದು ಸುತ್ತು ಒಂದೇ ಬಣ್ಣದಲ್ಲಿ 4ರಲ್ಲಿ, ಚಿತ್ತಾರಕ್ಕೆ 4.5. ಈಗ ಹೆಣೆದ ಭಾಗವನ್ನು ಕಡ್ಡಿಯ ಸುತ್ತಿನೊಳಗಿಂದ ಮೇಲೆತ್ತಿ ತಿರುವಿ. ಕಡ್ಡಿಯ ತುದಿಗಳು ನಿಮ್ಮಿಂದ ಆಚೆ ಬದಿಗಿರಲಿ. ಚಿತ್ತಾರ ಒಳಗೆ ಕಾಣಬೇಕು, ಎಳೆಗಳು ಹೊರಸುತ್ತಿನಲ್ಲಿ ಹಾಯಬೇಕು. ಹೆಣಿಗೆ ಎಂದಿನ ನೇರ ಹೆಣಿಗೆಯೇ. ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಕೊನೆಯ ಐದಾರು ಕುಣಿಕೆಗಳನ್ನು ಹೆಬ್ಬೆರಳಿನಿಂದ ಹರಡಿ, ಆಮೇಲೆಯೇ ಮುಂದಿನ ಬಣ್ಣ ಎತ್ತಿಕೊಳ್ಳಿ. ಇದನ್ನು ಒಂದು ಸಲವೂ ಬಿಡಬಾರದು. ಎಳೆ 5 ಕುಣಿಕೆ ದಾಟಿದರೆ ನಡುವೆ ಒಮ್ಮೆ ಹೆಣೆಯುವ ನೂಲಿಗೆ ಸಿಕ್ಕಿಸಿ. ಮೇಲಿನ ಸುತ್ತಿನಲ್ಲಿ ಅದೇ ಜಾಗ ಬೇಡ, ಬಣ್ಣ ಇಣುಕುತ್ತದೆ. ಚಿತ್ತಾರದ ಬಣ್ಣ ಯಾವಾಗಲೂ ಕೆಳಗಿನಿಂದ, ಹಿನ್ನೆಲೆಯದು ಮೇಲಿನಿಂದ ಬರಲಿ.

10 ಸೆಂ.ಮೀ.ಗೆ 20 ಕುಣಿಕೆ ಬಂದರೆ 96 ಕುಣಿಕೆಯ ಸುತ್ತಳತೆ 48 ಸೆಂ.ಮೀ., 54ರ ತಲೆಗೆ ಬಿಗಿಯಾಗಿ ಕೂರುತ್ತದೆ. ಒಂದೇ ಬಣ್ಣದ ನೆತ್ತಿಗೆ ಮತ್ತೆ 4ಕ್ಕೆ ಇಳಿಸಿ.