ಬೆಟಗೇರಿಯ ಕಂಪ್ಯೂಟರಿನಿಂದ ಧಾರವಾಡಕ್ಕೆ ದೊಡ್ಡಾಟದ ಫೈಲುಗಳು ಬಂದದ್ದು

ಗದಗ-ಬೆಟಗೇರಿಯಲ್ಲಿರುವ ನನ್ನ ಸೋದರಮಾವ ಬಹಳ ವರ್ಷಗಳಿಂದ ಸುತ್ತಲಿನ ಹಳ್ಳಿಗಳ ದೊಡ್ಡಾಟಗಳನ್ನು ರಾತ್ರಿಯಿಡೀ ಕೂತು ರೆಕಾರ್ಡ್ ಮಾಡುತ್ತ ಬಂದಿದ್ದಾರೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲಿಗೆ ಗಂಟೆಗೆ ಒಂದು ಜಿಬಿ ಬೇಕು. ಬೆಳಗಿನವರೆಗೆ ನಡೆದ ಆಟಕ್ಕೆ ಎಂಟು ಜಿಬಿ. ಹಾಡಿದವರಲ್ಲಿ ಕೆಲವರು ಈಗಿಲ್ಲ. ಅವರ ದನಿ ಉಳಿದಿದ್ದದ್ದು ಆ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಅದು ಒಂದು ದಿನ ಕೆಟ್ಟರೆ ಏನು ಗತಿ ಎಂಬ ಚಿಂತೆಯಿಂದ ಧಾರವಾಡದಲ್ಲಿ ಇನ್ನೊಂದು ಪ್ರತಿ ಇಡಲು ಹೊರಟೆ. ಗೂಗಲ್ ಡ್ರೈವಿನ ಪುಕ್ಕಟೆ 15 ಜಿಬಿ ಎರಡು ಆಟ ಹಿಡಿಸುವುದೂ ಕಷ್ಟ.

ಐಆರ್‌ಸಿ ಎಂಬ ಹಳೆಯ ಹರಟೆ ಜಾಲಕ್ಕೆ ಸೇರಲು ಬಳಸುವ ಹೆಕ್ಸ್‌ಚಾಟ್ ತಂತ್ರಾಂಶ ಮಾವನಿಗೆ ಹಳೆಯ ಪರಿಚಯ. ಐಆರ್‌ಸಿ ಹುಟ್ಟಿದ್ದು 1988ರಲ್ಲಿ, ಫಿನ್ಲೆಂಡಿನಲ್ಲಿ. ಅದರ ಜೊತೆ ಬೆಳೆದ ಡಿಸಿಸಿ ಎಂಬ ಪದ್ಧತಿಯಲ್ಲಿ ಫೈಲು ಸರ್ವರ್ ಮೂಲಕ ಹೋಗುವುದಿಲ್ಲ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ. ಸರ್ವರ್ ದಾಟಿಸುವುದು ವಿಳಾಸವಿರುವ ಒಂದು ಸಾಲನ್ನು ಮಾತ್ರ. ಕಳಿಸುವವನು ತನ್ನ ಐಪಿ (ಜಾಲದಲ್ಲಿ ಕಂಪ್ಯೂಟರಿನ ವಿಳಾಸ), ಪೋರ್ಟ್ (ಆ ವಿಳಾಸದಲ್ಲಿನ ಒಂದು ಕದದ ಸಂಖ್ಯೆ) ಹೇಳಿ ಕಾಯುತ್ತಾನೆ. ಪಡೆಯುವವನು ಅಲ್ಲಿಗೆ ಹೋಗಿ ಕದ ತಟ್ಟುತ್ತಾನೆ.

ನಮ್ಮ ತೊಡಕು ಅಲ್ಲೇ ಇತ್ತು. ಮಾವನ ರೌಟರಿಗೆ ಸಿಕ್ಕ ವಿಳಾಸ 100.64ರಿಂದ ಶುರುವಾಗುತ್ತಿತ್ತು. ಅಂದರೆ ಇಂಟರ್ನೆಟ್ ಕಂಪನಿಯೇ ಅನೇಕ ಮನೆಗಳನ್ನು ಒಂದು ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದೆ. ಮನೆಯ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಬರಲಾರರು. "ಏನ್ ಒತ್ತಬೇಕು ಹೇಳಪಾ, ಒತ್ತತೀನಿ. ಆ ರೌಟರಿಗೆ ಮಾತ್ರ ಇನ್ನ ಕೈ ಹಚ್ಚಂಗಿಲ್ಲ ನೋಡು" ಎಂದರು ಮಾವ.

ಒಳಚಿಲಕ ಹಾಕಿದ ಮನೆಗೆ ಹೊರಗಿನವರು ನುಗ್ಗಲಾಗದು, ಒಳಗಿದ್ದವರು ಎದ್ದು ಹೊರಗೆ ಬರಬಹುದಲ್ಲ! ಡಿಸಿಸಿಯಲ್ಲಿ ಇದಕ್ಕೆ ಪ್ಯಾಸಿವ್ ಎನ್ನುತ್ತಾರೆ. ಕಳಿಸುವವನು ಪೋರ್ಟ್ ಜಾಗದಲ್ಲಿ ಸೊನ್ನೆ ಬರೆದು, ಜೊತೆಗೊಂದು ಗುರುತಿನ ಸಂಖ್ಯೆ ಇಡುತ್ತಾನೆ. ಪಡೆಯುವವನು ಅದೇ ಗುರುತಿನೊಂದಿಗೆ ತನ್ನ ವಿಳಾಸ, ಪೋರ್ಟ್ ತಿಳಿಸಿ ಕಾಯುತ್ತಾನೆ. ಆಗ ಬೆಟಗೇರಿಯೇ ಧಾರವಾಡದ ಕದ ತಟ್ಟುತ್ತದೆ. ಹೆಕ್ಸ್‌ಚಾಟ್‌ನಲ್ಲಿ ಇದರ ಆಜ್ಞೆ 'ಡಿಸಿಸಿ ಪಿಸೆಂಡ್'. ನಾನು ನನ್ನ ಕಡೆ ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಸ್ಥಿರ ಐಪಿ ಪಡೆದೆ, ರೌಟರಿನಲ್ಲಿ 5000ದಿಂದ 5010ರವರೆಗಿನ ಪೋರ್ಟುಗಳನ್ನು ನನ್ನ ಕಂಪ್ಯೂಟರಿಗೆ ತಿರುಗಿಸಿದೆ, ಹೆಕ್ಸ್‌ಚಾಟ್‌ಗೂ ಅಷ್ಟನ್ನೇ ಬಳಸಲು ಹೇಳಿದೆ.

ಆದರೂ ಮೊದಲ ದಿನ ಫೈಲು ಬರಲಿಲ್ಲ. ಹೋಗಿಬಂದ ಸಾಲುಗಳೆಲ್ಲ ಇದ್ದಂತೆಯೇ ಕಾಣುವ ರಾ ಲಾಗ್ ತೆರೆದು ನೋಡಿದಾಗ ನಾನು ಕಳಿಸಿದ ಉತ್ತರದಲ್ಲಿ 3232235786 ಎಂಬ ಸಂಖ್ಯೆ ಇತ್ತು. ಡಿಸಿಸಿ ಐಪಿಯನ್ನು ಚುಕ್ಕೆಗಳಿಲ್ಲದೆ ಒಂದೇ ಸಂಖ್ಯೆಯಾಗಿ ಬರೆಯುತ್ತದೆ. ಬಿಡಿಸಿದರೆ ಅದು 192.168.1.10, ನನ್ನ ಮನೆಯೊಳಗಿನ ವಿಳಾಸ. ಪಾಪ, ಮಾವನ ಕಂಪ್ಯೂಟರ್ ತನ್ನ ಮನೆಯಲ್ಲೇ ನನ್ನನ್ನು ಹುಡುಕುತ್ತಿತ್ತು. 'ಡಿಸಿಸಿ ಐಪಿ' ಸೆಟ್ಟಿಂಗಿನಲ್ಲಿ ಸಾರ್ವಜನಿಕ ಐಪಿ ಬರೆದ ಮೇಲೆ ಮೊದಲ ಫೈಲು ಅಲುಗಾಡಿತು.

ಇಷ್ಟಾದರೂ ಪ್ರತಿ ಫೈಲಿಗೂ ಮಾವನನ್ನು ಎಬ್ಬಿಸಲಾಗದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎರಡು ಸಣ್ಣ ಸ್ಕ್ರಿಪ್ಟ್ ಬರೆದು ಎರಡೂ ಕಡೆ ಆ್ಯಡ್‌ಆನ್ಸ್ ಫೋಲ್ಡರಿಗೆ ಹಾಕಿದೆ. ಹೆಕ್ಸ್‌ಚಾಟ್ ತೆರೆದೊಡನೆ ತಾವೇ ಓಡುತ್ತವೆ. ನನ್ನದು 'ಕೊಡು 17' ಎನ್ನುತ್ತದೆ, ಮಾವನದು 17ನೇ ಫೈಲನ್ನು ಪಿಸೆಂಡ್ ಮಾಡುತ್ತದೆ, ಮುಗಿದೊಡನೆ ನನ್ನದು 18 ಕೇಳುತ್ತದೆ. ಹೆಸರಿನ ಬದಲು ಸಂಖ್ಯೆ ಇಟ್ಟಿದ್ದಕ್ಕೆ ಕಾರಣವಿದೆ: ಐಆರ್‌ಸಿಯ ಒಂದು ಸಂದೇಶ 512 ಬೈಟ್ ಮೀರಬಾರದು, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೇ 3 ಬೈಟ್ ತಿನ್ನುತ್ತದೆ. ಊರು, ಆಟ, ತಾರೀಖು ಎಲ್ಲ ಸೇರಿದ ಮಾವನ ಫೈಲು ಹೆಸರುಗಳು ಉದ್ದುದ್ದ. ಸಂಖ್ಯೆಯಾದರೆ ಬೇರೆಯವರು ಬೇರೆ ಫೋಲ್ಡರಿನ ದಾರಿ ಬರೆದು ಕೇಳುವ ಭಯವೂ ಇಲ್ಲ.

ಒಂದು ವಾರ ಕಾಡಿದ ತಪ್ಪೊಂದನ್ನು ಹೇಳಲೇಬೇಕು. ಮಾವನ ಕಡೆಯ ಸ್ಕ್ರಿಪ್ಟ್ ಒಮ್ಮೆ ಉತ್ತರಿಸುತ್ತಿತ್ತು, ಒಮ್ಮೆ ಸುಮ್ಮನಿರುತ್ತಿತ್ತು. ಹೆಕ್ಸ್‌ಚಾಟ್‌ನಲ್ಲಿ ಖಾಸಗಿ ಸಂದೇಶಕ್ಕೆ ಎರಡು ಘಟನೆಗಳಿವೆ: ಮಾತಿನ ಕಿಟಕಿ ಮೊದಲೇ ತೆರೆದಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ನಾನು ಹಿಡಿದದ್ದು ಒಂದನ್ನೇ. ಎರಡನ್ನೂ ಬಿಟ್ಟು ಸರ್ವರಿನಿಂದ ಬರುವ ಮೂಲ ಸಾಲಿಗೇ ಕೊಕ್ಕೆ ಹಾಕಿದೆ. ಅದರಲ್ಲಿ ಅಡ್ಡಹೆಸರಿನ ಜೊತೆ ಹೋಸ್ಟ್ (ಬಂದವರ ಕಂಪ್ಯೂಟರಿನ ವಿಳಾಸ) ಕೂಡ ಸಿಗುವುದರಿಂದ, ನನ್ನ ಅಡ್ಡಹೆಸರನ್ನು ಯಾರೋ ಹೊದ್ದು ಬಂದರೆ ಸ್ಕ್ರಿಪ್ಟ್ ಬಾಯಿ ಬಿಡುವುದಿಲ್ಲ.

ಡಿಸಿಸಿಯಲ್ಲಿ ಪಡೆದ ಬೈಟುಗಳ ಎಣಿಕೆಗೆ 4 ಬೈಟಿನ ಜಾಗವಷ್ಟೇ ಇದೆ, 4 ಜಿಬಿ ದಾಟಿದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ಕರೆಂಟಿನ ಕಾಟ. ಹೀಗಾಗಿ ಆಟಗಳನ್ನು ದನಿ ಕೆಡದಂತೆ ಫೈಲು ಚಿಕ್ಕದಾಗಿಸುವ ಫ್ಲಾಕ್‌ಗೆ ಬದಲಿಸಿ, 500 ಎಂಬಿ ತುಂಡು ಮಾಡಿ, ಪ್ರತಿ ತುಂಡಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲು ಚೂರು ಬದಲಾದರೂ ಬದಲಾಗುವ ಗುರುತನ್ನು) ಪಟ್ಟಿ ಮಾಡಿದೆವು. ಮೊತ್ತ ತಾಳೆಯಾಗದಿದ್ದರೆ ಸ್ಕ್ರಿಪ್ಟ್ ಆ ತುಂಡನ್ನು ಮತ್ತೆ ಕೇಳುತ್ತದೆ. ಡಿಸಿಸಿಗೆ ಗೂಢಲಿಪಿಯ ರಕ್ಷಣೆ ಇಲ್ಲ. ಆಟದ ಹಾಡಿಗೆ ಅಡ್ಡಿಯಿಲ್ಲ, ಮನೆಯ ಕಾಗದಪತ್ರಗಳನ್ನು ಮಾತ್ರ ನಾನು ಈ ದಾರಿಯಲ್ಲಿ ಕಳಿಸಲಾರೆ.

ಒಂದು ಇಡೀ ಆಟ ಬಂದು ಸೇರಿದ ಬೆಳಿಗ್ಗೆ ತುಂಡುಗಳನ್ನು ಜೋಡಿಸಿ, ಮಾವನಿಗೆ ಫೋನ್ ಹಚ್ಚಿ ಸ್ಪೀಕರಿನ ಮುಂದೆ ಹಿಡಿದೆ. ಮದ್ದಳೆ ಶುರುವಾಯಿತು, ಹಿಂದೆಯೇ ಹಾಡು. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇವರು ಹೋಗಿ ನಾಕು ವರ್ಷ ಆತು. ಮುಂದಿಂದೂ ಕೇಳಪಾ, ಕಂಪ್ಯೂಟರ್ ಬಂದ್ ಮಾಡಂಗಿಲ್ಲ ನಾ" ಎಂದರು.