ಅಣ್ಣನ ಮೇಲಿನ ಹಗೆ ಬಿಟ್ಟದ್ದು ಹೇಗೆ: ನನ್ನ ಅನುಭವ

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ, ಇರುವ ಭಾನುವಾರ, ಕಾಣಿಕೆಗೆ ಮೊದಲು, ಒಬ್ಬರಿಗೊಬ್ಬರು ‘ಸಮಾಧಾನ’ ಕೊಡುತ್ತೇವೆ. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಮೇಲೆ ಇಬ್ಬರೂ ಎಡಗೈ ಮುಚ್ಚುವುದು. ಆರು ವರ್ಷ ನಾನು ಈ ಗಳಿಗೆಗೆ ಅಂಜಿ ಬೆಂಚು ಬದಲಿಸುತ್ತಿದ್ದೆ. ಅಣ್ಣ ಮುಂದೆ ಕೂತರೆ ನಾನು ಹಿಂದಿನ ಬಾಗಿಲ ಹತ್ತಿರ ಕೂರುತ್ತಿದ್ದೆ.

ಜಗಳ ಶುರುವಾದದ್ದು ಅಪ್ಪ ತೀರಿಕೊಂಡ ಮೇಲೆ, ಹುಬ್ಬಳ್ಳಿಯ ಮನೆಯ ವಾಟಣಿಯಲ್ಲಿ, ಅಂದರೆ ಪಾಲು ಮಾಡುವಾಗ. ರಸ್ತೆ ಕಡೆಯ ಭಾಗ ಅಣ್ಣನಿಗೆ ಹೋಯಿತು, ಹಿಂದಿನದು ನನಗೆ ಬಂತು. ಅಲ್ಲಿಂದ ಸಿಕ್ಕಸಿಕ್ಕವರ ಮುಂದೆ ‘ನಮ್ಮಣ್ಣ ನನ್ನ ಪಾಲು ನುಂಗಿದ’ ಅನ್ನುತ್ತಾ ಬಂದೆ. ಪಾಪ ಅಂತ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಶುಭ ಶುಕ್ರವಾರ ಅಳುತ್ತಿದ್ದೆ, ಇನ್ನು ಮಾತಾಡುವುದಿಲ್ಲ ಎಂದು ಹರಕೆ ಹೊರುತ್ತಿದ್ದೆ. ಈಸ್ಟರ್ ಮುಗಿದ ವಾರದಲ್ಲೇ ಯಾರದೋ ಫೋನಿನಲ್ಲಿ ಅದೇ ಪುರಾಣ. ಮಾಡಬೇಕೆಂದ ಒಳ್ಳೆಯದನ್ನು ಮಾಡದೆ ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಬೈಬಲಿನಲ್ಲಿ ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದದ್ದನ್ನು ಓದಿ, ಅಪೊಸ್ತಲನ ಪಾಡೇ ಹೀಗಾದರೆ ನನ್ನದೇನು ಎಂದು ಸಮಾಧಾನ ಮಾಡಿಕೊಂಡೆ. ಆ ಮಾತಿಗೆ ಅದಕ್ಕಿಂತ ತಪ್ಪಾದ ಉಪಯೋಗ ಇನ್ನೊಂದಿಲ್ಲ. ಪೌಲ ಅದೇ ಅಧ್ಯಾಯದ ಕೊನೆಗೆ, ಯಾರು ನನ್ನನ್ನು ಬಿಡಿಸುವರು ಎಂದು ಕೂಗುತ್ತಾನೆ. ನಾನು ಕೂಗಿರಲಿಲ್ಲ.

ಒಂದು ಸಂಜೆ ಒಂಬತ್ತು ವರ್ಷದ ಮಗ ಊಟಕ್ಕೆ ಕೂತವನು, ‘ಪಪ್ಪಾ, ದೊಡ್ಡಪ್ಪ ಕಳ್ಳ ಏನು?’ ಎಂದು ಕೇಳಿದ. ಎಷ್ಟು ಸಣ್ಣ ಕಿಚ್ಚು ಎಷ್ಟು ದೊಡ್ಡ ಕಾಡನ್ನು ಸುಡುತ್ತದೆ ಎಂದು ನಾಲಿಗೆಯ ಬಗ್ಗೆ ಯಾಕೋಬ ಬರೆದದ್ದು ನನ್ನ ಮನೆಯ ತಾಟಿನ ಮುಂದೆಯೇ ಹೊತ್ತಿತ್ತು.

ಮರುದಿನ ಸಭೆಯ ಒಬ್ಬ ಹಿರಿಯರ ಹತ್ತಿರ ಹೋದೆ. ನಿವೃತ್ತ ಮಾಸ್ತರು ಅವರು. ‘ನನಗೆ ಅಣ್ಣನ ಮೇಲೆ ಸಿಟ್ಟಿದೆ, ಪ್ರಾರ್ಥನೆ ಮಾಡ್ರಿ’ ಎಂದೆ. ಅವರು, ‘ಸಿಟ್ಟು ಅನಬ್ಯಾಡ. ಏನ್ ಮಾಡೀಯೋ ಅದನ್ನ ಹೇಳು’ ಎಂದರು. ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು: ಯಾರ ಮುಂದೆ, ಏನು ಅಂದೆ. ಹನ್ನೊಂದು ಮನೆ ಬರೆದೆ. ಬರೆಯುತ್ತಾ ಬರೆಯುತ್ತಾ ಕೈ ನಿಂತದ್ದು ನಾನು ಯಾರಿಗೂ ಹೇಳದ ಸಂಗತಿಯ ಹತ್ತಿರ. ವಾಟಣಿ ಆಗುವ ಮೊದಲು ಮನೆಯ ಮುಂಭಾಗದ ಅಂಗಡಿಯ ಬಾಡಿಗೆಯನ್ನು 14 ತಿಂಗಳು ನಾನೇ ಎತ್ತಿದ್ದೆ, ತಿಂಗಳಿಗೆ 2,500 ರೂಪಾಯಿ. ಅವ್ವನ ಔಷಧಿಗೆ ಹೋಯಿತು ಎಂದಿದ್ದೆ. ಔಷಧಿ ತರುತ್ತಿದ್ದವನು ಅಣ್ಣ. ಅವನ ಪಾಲು 17,500 ನನ್ನ ಕಡೆ ಇತ್ತು. ಆರು ವರ್ಷ ನಾನು ಅವನನ್ನು ಕಳ್ಳ ಅಂದದ್ದು ಇದನ್ನು ಮುಚ್ಚಲಿಕ್ಕೆ ಎಂದು ಆ ರಾತ್ರಿ ಗೊತ್ತಾಯಿತು. ದಿನಾ ‘ಕರ್ತನೇ, ನನ್ನ ಪಾಪಗಳನ್ನು ಕ್ಷಮಿಸು’ ಎಂದು ಒಟ್ಟಾರೆ ಹೇಳುವವನಿಗೆ ಇದು ಎಂದೂ ಕಾಣುವುದಿಲ್ಲ. ಲೆಕ್ಕ ಹಾಕಿ ಅರಿಕೆ ಮಾಡಿದ ಮೇಲೆಯೇ ಶಿಲುಬೆಯ ಕ್ಷಮೆ ನನಗೆ ಸಿಕ್ಕದ್ದು. ಅದು ಮೊದಲು ಸಿಗದಿದ್ದರೆ ಮುಂದಿನ ಒಂದು ಹೆಜ್ಜೆಯನ್ನೂ ನಾನು ಇಡುತ್ತಿರಲಿಲ್ಲ, ಅದು ಖಂಡಿತ.

ಮಾಸ್ತರು ಇನ್ನೊಂದು ಕೆಲಸ ಕೊಟ್ಟರು. ದಿನಾ ಬೆಳಿಗ್ಗೆ ಅಣ್ಣನ ಹೆಸರು ಹಿಡಿದು ಪ್ರಾರ್ಥಿಸಬೇಕು. ‘ಅವನನ್ನು ಆಶೀರ್ವದಿಸು’ ಎನ್ನಲು ಬಾಯಿ ಬರಲಿಲ್ಲ. ಅವನಿಗೆ ಮೊಣಕಾಲು ನೋವು ಇರುವುದು ಗೊತ್ತಿತ್ತು, ಅದನ್ನೇ ಹಿಡಿದೆ. ಹಲ್ಲು ಕಚ್ಚಿಕೊಂಡೇ ‘ಅವನ ಮೊಣಕಾಲು ನೋವು ಕಡಿಮೆ ಮಾಡು’ ಅನ್ನುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ, ಅವನು ಚರ್ಚಿನ ಮೆಟ್ಟಿಲು ಹೇಗೆ ಹತ್ತುತ್ತಾನೆ ಎಂದು ನನ್ನ ಕಣ್ಣು ತಾನಾಗಿ ನೋಡತೊಡಗಿತು. ವೈರಿಗಾಗಿ ಪ್ರಾರ್ಥಿಸಿರಿ ಎಂದು ಯೇಸು ಸುಮ್ಮನೆ ಹೇಳಿದ್ದಲ್ಲ.

ಮನೆಮನೆಗೆ ಹೋಗಿ ‘ನಾನು ಅಣ್ಣನ ಬಗ್ಗೆ ಹೇಳಿದ್ದು ಸುಳ್ಳು’ ಎನ್ನುವುದು ಬಹಳ ಕಷ್ಟವಾಯಿತು. ಮೊದಲ ಮನೆಯ ಗೇಟಿನಿಂದ ಎರಡು ಸಲ ವಾಪಸ್ ಬಂದೆ. ಒಬ್ಬ ಮೌಶಿ, ‘ಇಷ್ಟ್ ವರ್ಷ ಆದಮ್ಯಾಗ ಈಗ ಹೇಳಿದ್ರ ಏನ್ ಬಂತಪಾ?’ ಎಂದರು. ಅವರ ಮಾತು ನಿಜ. ಹೇಳಿದ್ದೆಲ್ಲ ವಾಪಸ್ ಬರುವುದಿಲ್ಲ. ಹನ್ನೊಂದರಲ್ಲಿ ಇಬ್ಬರು ತೀರಿಹೋಗಿದ್ದರು, ಆ ಎರಡು ಹೆಸರು ನೋಟ್‌ಬುಕ್ಕಿನಲ್ಲಿ ಹಾಗೇ ಉಳಿದಿವೆ.

ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದ್ದ. ನನ್ನ ಹತ್ತಿರ ಅಷ್ಟಿರಲಿಲ್ಲ, 20,000 ಒಯ್ದೆ. ಬಾಗಿಲು ತೆಗೆದದ್ದು ವೈನಿ (ಅತ್ತಿಗೆ). ಅಣ್ಣ ದುಡ್ಡು ತಗೊಂಡ, ಎಣಿಸಿದ, ಒಳಗೆ ಇಟ್ಟು ಬಂದ, ಏನೂ ಅನ್ನಲಿಲ್ಲ. ಅಪ್ಪಿಕೊಳ್ಳುತ್ತಾನೆ ಎಂದು ಒಳಗೊಳಗೆ ಕಾಯುತ್ತಿದ್ದೆ ನಾನು. ವೈನಿ ಚಹಾ ಕೊಟ್ಟರು, ಕುಡಿದು ಬಂದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲಗಳಲ್ಲಿ ‘ದೀರ್ಘಶಾಂತಿ’, ಅಂದರೆ ಬಹುಕಾಲದ ತಾಳ್ಮೆ, ಎಂಬ ಮಾತಿದೆ. ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದರೂ ಅದರಲ್ಲಿನ ‘ದೀರ್ಘ’ ನನಗೆ ಅರ್ಥವಾದದ್ದು ಆ ದಿನಗಳಲ್ಲಿ. ಕ್ಷಮೆ ಕೇಳುವುದು ನನ್ನ ಪಾಲಿನದು, ಕೊಡುವ ದಿನ ಅವನದು.

ಐದು ತಿಂಗಳ ಮೇಲೆ ಒಂದು ಭಾನುವಾರ ನಾನು ಅವನ ಹಿಂದಿನ ಬೆಂಚಿನಲ್ಲೇ ಕೂತೆ. ಸಮಾಧಾನದ ಹೊತ್ತಿಗೆ ಅವನು ತಿರುಗಿ ಕೈ ಚಾಚಿದ. ಅಂಗೈ ಅಪ್ಪನದರ ಹಾಗೇ ಒರಟು. ಮಾತು ಈಗಲೂ ಕಡಿಮೆ, ನಮ್ಮ ಮನೆಗೆ ಹಬ್ಬಕ್ಕೆ ಮಾತ್ರ ಬರುತ್ತಾನೆ.

ಮಾಸ್ತರು ಈಗಲೂ ಪ್ರತಿ ಶನಿವಾರ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಈ ವಾರ ಯಾರ ಬೆನ್ನ ಹಿಂದ ಏನ್ ಮಾತಾಡಿದಿ?’ ಸುಳ್ಳು ಹೇಳಬಾರದು, ಅದೊಂದೇ ಷರತ್ತು. ಕಳೆದ ಶನಿವಾರದ ನನ್ನ ಉತ್ತರ: ಇಬ್ಬರ ಬಗ್ಗೆ ಮಾತಾಡಿದೆ, ಒಬ್ಬರ ಹತ್ತಿರ ಹೋಗಿ ಒಪ್ಪಿಕೊಂಡೆ, ಇನ್ನೊಬ್ಬರ ಮನೆಗೆ ಸೋಮವಾರ ಹೋಗುತ್ತೇನೆ.